ದಿವಾಳಿಯ ಲೆಕ್ಕಕ್ಕೆ ಬಂದವರಿಗೆ ದೆರ್ನಾ ಹೇಳಿದ್ದು

ಕೂತುಕೊಳ್ಳಿ ವಕೀಲರೇ. ಆ ಸ್ಟೂಲಿನ ಒಂದು ಕಾಲು ಮೋಸ,
ಗೋಡೆಗೆ ಒರಗಿಸಿದರೆ ನಿಲ್ಲುತ್ತದೆ.
ಅದನ್ನೂ ಬರೆದುಕೊಳ್ಳಿ: ಸ್ಟೂಲು, ಒಂದು.
ಹೊಲಿಗೆ ಯಂತ್ರ ಕ್ಲಬ್ಬಿನದಲ್ಲ, ನನ್ನದು.
ಅಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಗಡ್ಡೆ ತೊಳೆದು
ಎರಡು ಸುಗ್ಗಿಯ ಕೂಲಿಯಲ್ಲಿ ಕೊಂಡದ್ದು.

ಅಂಗಿಗಳೇ? ಇರಿ, ಮೊದಲು ನಮಗೆ ಅಂಗಿಯೇ ಇರಲಿಲ್ಲ.
ಯುದ್ಧ ಮುಗಿದ ವರ್ಷ ಸೈನಿಕರು ಬಿಟ್ಟುಹೋದ ಒಂದು ಚೆಂಡು,
ಗಂಟೆ ಕಳಕೊಂಡ ಒಂದು ಹಾಳು ಚರ್ಚು,
ದ್ರಾಕ್ಷಾರಸದ ಪೀಪಾಯಿಯ ಪಟ್ಟಿ ಬಿಚ್ಚಿ ಗೋಡೆಗೆ ಬಡಿದ ಬಳೆ.
ಬಲಿಪೀಠವಿದ್ದ ಕಡೆಯಿಂದ ಎಸೆದರೆ ಚೆಂಡು
ಗೋಡೆಯ ಮೇಲಿನ ಸಂತನ ಬಣ್ಣಗೆಟ್ಟ ಮೊಣಕಾಲಿಗೆ ತಾಗಿ
ಒಮ್ಮೊಮ್ಮೆ ಒಳಗೆ ಬೀಳುತ್ತಿತ್ತು.
ಅಂಕ ಸಲ್ಲುತ್ತದೋ ಇಲ್ಲವೋ, ಪಾದ್ರಿಯ ಹತ್ತಿರ ನ್ಯಾಯ.
ದೋನ್ ಫುಲ್ಜೆನ್ಸಿಯೊ ಎನ್ನುತ್ತಿದ್ದರು:
ಸಂತ ನಮ್ಮೂರಿನವನು, ಸಲ್ಲುತ್ತದೆ.

ಆಮೇಲೆ ಹೆಸರುಗಳು ಬಂದವು.
ನಮ್ಮ ದೇಶದ ಪದ್ಧತಿ ನಿಮಗೆ ಗೊತ್ತೇ ಇದೆ,
ದುಡ್ಡು ಕೊಟ್ಟವನ ಹೆಸರೇ ತಂಡದ ಹೆಸರು.
ಮೊದಲು ಸಕ್ಕರೆಯಾದೆವು.
ಆಮೇಲೆ ಹನ್ನೊಂದು ವರ್ಷ ಫ್ರಿಜ್ಜಾಗಿದ್ದೆವು.
ಪೇಪರಿನವರು ಬರೆಯುತ್ತಿದ್ದರು: ‘ಸಲಾಮಿಯನ್ನು ಮಣಿಸಿದ ಫ್ರಿಜ್ಜು’,
‘ಸೋಫಾದೆದುರು ಫ್ರಿಜ್ಜಿಗೆ ಮುಖಭಂಗ’.
ನಗಬೇಡಿ. ಆ ಫ್ರಿಜ್ಜಿಗಾಗಿ ಊರಿಗೂರೇ ಅತ್ತಿದೆ.

ಎಪ್ಪತ್ತೆರಡರಲ್ಲಿ ಓಹಾಯೋದಿಂದ ಟಿಲ್‌ಮನ್ ಬಂದ.
ಎರಡು ಅಂಗಿ ಬಿಚ್ಚಿ ಅವನಿಗೊಂದು ಹೊಲಿದೆ.
ನಮ್ಮ ಬಯಲಿನ ಮಂಜು ನೋಡಿ ಮೂರು ದಿನ ಹೊರಗೇ ಬರಲಿಲ್ಲ,
ಊರು ಎಲ್ಲಿದೆ, ಊರು ಎಲ್ಲಿದೆ, ಎಂದು ಕಿಟಕಿಯಲ್ಲಿ ಕೇಳುತ್ತಿದ್ದ.
ಭಾನುವಾರ ನಮ್ಮಲ್ಲೇ ಊಟ. ಹಣೆ ಬಡಿಯದಿರಲೆಂದು
ಅಮ್ಮ ಬಾಗಿಲ ತೊಲೆಗೊಂದು ದಿಂಬು ಕಟ್ಟಿದಳು.
ಈಗಲೂ ಇದೆ. ಕ್ಲಬ್ಬಿನದಲ್ಲ.

ಆ ಫೈನಲ್ಲು. ಒಂದು ಅಂಕ ಹಿಂದೆ, ಗಡಿಯಾರ ಖಾಲಿ,
ಗೆರೆಯ ಮೇಲೆ ಓದೋನೆ, ಕೈಯಲ್ಲಿ ಎರಡು ಎಸೆತ.
ಎರಡೂ
ಬಳೆಯ ಮೇಲೆ ಕೂತು, ಯೋಚಿಸಿ, ಹೊರಗೆ ಬಿದ್ದವು.
ಆಮೇಲೆ ಅವನು ರೊಟ್ಟಿಯಂಗಡಿ ಇಟ್ಟ. ಮೂವತ್ತು ವರ್ಷ
ಅವನೆದುರು ‘ಎರಡು’ ಎಂದವರಿಲ್ಲ.
ಒಂದು ರೊಟ್ಟಿ, ಎನ್ನುವರು. ಸ್ವಲ್ಪ ತಡೆದು, ಮತ್ತೊಂದು.
ಆ ಬೇಸಿಗೆ ನಾನು ಅವನನ್ನು ಮದುವೆಯಾದೆ.
ಅದನ್ನು ಬರೆಯಬೇಡಿ.

ಹೆಂಚು, ಬ್ಯಾಂಕು, ಯಾವುದೋ ಫೋನು,
ಕೊನೆಗೆ ಹೆಸರು ಕೊಟ್ಟು ದುಡ್ಡು ಕೊಡದವರು.
ಚೆಕ್ಕು ವಾಪಸು ಬಂದಷ್ಟು ಚುರುಕಾಗಿ
ನಮ್ಮ ಹುಡುಗರು ರಕ್ಷಣೆಗೆ ವಾಪಸು ಬಂದಿದ್ದರೆ!
ಈಗ ಲೀಗಿನಲ್ಲಿ ಆಡುವ ಹಕ್ಕನ್ನೇ ಮಾರಿದರಂತೆ,
ವಿಮಾನ ನಿಲ್ದಾಣವಿರುವ ಊರಿಗೆ.
ಹಕ್ಕು ಎಷ್ಟು ತೂಕ ಬರುತ್ತದೆ ವಕೀಲರೇ?
ಯಾವ ಗಾಡಿಯಲ್ಲಿ ಹೇರಿದರು? ನಾನು ಕಿಟಕಿಯಲ್ಲೇ ಇದ್ದೆ,
ಏನೂ ಹೋದದ್ದು ಕಾಣಲಿಲ್ಲ.

ಈ ಅಭ್ಯಾಸದಂಗಿಯನ್ನು ಬೆಳಕಿಗೆ ಹಿಡಿಯಿರಿ. ಹಾಗಲ್ಲ, ಓರೆಯಾಗಿ.
ಹೊಸಬಟ್ಟೆಗೆ ಕಾಸಿಲ್ಲದ ವರ್ಷ ಹಳೇ ಅಕ್ಷರ ಕಿತ್ತು
ಅಲ್ಲೇ ಹೊಸದು ಹೊಲಿದೆ. ದಾರ ಹೋದರೂ ತೂತು ಹೋಗದು.
ಬೆರಳಾಡಿಸಿದರೆ ಬ್ಯಾಂಕಿನಡಿ ಹೆಂಚು,
ಹೆಂಚಿನಡಿ, ಕುತ್ತಿಗೆಯ ಹತ್ತಿರ, ಫ್ರಿಜ್ಜಿನ ಬಾಲ.
ಕುರುಡರಿಗೂ ಓದಲು ಬರುತ್ತದೆ.

ನಿನ್ನೆ ಹುಡುಗರು ಬಂದಿದ್ದರು, ಹತ್ತು ಹನ್ನೆರಡರ ಪ್ರಾಯ,
ಅರ್ಧದಷ್ಟು ಮಂದಿ ಹಂದಿ ಫಾರ್ಮಿಗೆ ದುಡಿಯಲು ಬಂದವರ ಮಕ್ಕಳು.
ಎಲ್ಲಕ್ಕಿಂತ ಕೆಳಗಿನ ದರ್ಜೆಯಲ್ಲಿ ಆಡುತ್ತಾರಂತೆ. ಅಂಗಿ ಬರಿದು.
ಏನು ಹೊಲಿಯಲಿ, ಎಂದೆ.
ಊರ ಹೆಸರು, ಎಂದರು.

ಐವತ್ತೆಂಟು ವರ್ಷದಲ್ಲಿ ಅದೊಂದನ್ನು
ನಾನು ಹೊಲಿದೇ ಇರಲಿಲ್ಲ ನೋಡಿ.
ಪಿಯೇವೆ ದೆಲ್ಲೆ ಕಾನ್ನೆ. ಹದಿನೈದು ಅಕ್ಷರ.
ಮಗುವಿನ ಎದೆಗೆ ಹಿಡಿಸದು, ಬೆನ್ನಿಗೂ ಸುತ್ತಬೇಕೇನೋ.

ಎಲ್ಲಿ ಸಹಿ ಹಾಕಲಿ?
ಎಲ್ಲ ಒಯ್ಯಿರಿ. ಆ ಡಬ್ಬಿಯಲ್ಲಿ ಬಿಳಿ ದಾರ, ಎಂಟು ಉಂಡೆ.
ಅದನ್ನು ನೀವು ನೋಡಲಿಲ್ಲ.